ತೊಳೆದರೆ ಹೋಗದ್ದು

ಕಾಯಿಪಲ್ಲೆಯನ್ನು ಉಪ್ಪುನೀರಿನಲ್ಲಿ ನೆನೆಸಿಡಿ, ಹುಣಸೆ ನೀರಿನಲ್ಲಿ ತೊಳೆಯಿರಿ, ಅಡುಗೆ ಸೋಡಾ ಹಾಕಿ ಕಾಲು ತಾಸು ಬಿಡಿ, ಸಿಪ್ಪೆ ತೆಗೆದು ಬಳಸಿ, ಮನೆಯವರ ಆರೋಗ್ಯ ನಿಮ್ಮ ಕೈಯಲ್ಲಿದೆ. ಈ ಉಪದೇಶವನ್ನು ಕೇಳದ ಗೃಹಿಣಿ ನಮ್ಮ ಊರುಗಳಲ್ಲಿ ಒಬ್ಬಳೂ ಇರಲಾರಳು. ಪತ್ರಿಕೆಯ ಮಹಿಳಾ ಪುಟದಲ್ಲಿ ಇದು ಬರುತ್ತದೆ, ಟಿವಿಯಲ್ಲಿ ಬರುತ್ತದೆ, ಈಗ ದಿನ ಬೆಳಗಾದರೆ ಮೊಬೈಲಿನಲ್ಲಿಯೂ ಬರುತ್ತದೆ. ಹೇಳುವವರ ದನಿಯಲ್ಲಿ ಮೆಲ್ಲಗೆ ಒಂದು ಆಪಾದನೆಯೂ ಸೇರಿರುತ್ತದೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ಆಕೆ ಸರಿಯಾಗಿ ತೊಳೆದಿರಲಿಲ್ಲ ಎಂಬುದೇ ಆ ಆಪಾದನೆ. ಈ ಉಪದೇಶದ ಮೇಲೆ ನನಗೆ ಬಹಳ ದಿನಗಳಿಂದ ಸಿಟ್ಟಿದೆ. ಆ ಸಿಟ್ಟಿಗೆ ಕಾರಣಗಳಿವೆ. ಅವನ್ನು ಒಂದೊಂದಾಗಿ ನಿಮ್ಮ ಮುಂದೆ ಇಡುತ್ತೇನೆ.

ತೊಳೆಯುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಮಣ್ಣು, ಹುಳುವಿನ ತತ್ತಿ, ಎಲೆಯ ಮೇಲೆ ಕೂತ ಔಷಧದ ಪುಡಿ ಇವೆಲ್ಲ ತೊಳೆದರೆ ಎಷ್ಟೋ ಹೋಗುತ್ತವೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸೇಬಿಗೆ ಎರಡು ಬಗೆಯ ಔಷಧ ಸವರಿ, ಅಡುಗೆ ಸೋಡಾದ ನೀರಿನಲ್ಲಿ ಇಟ್ಟು ನೋಡಿದರು. ಹನ್ನೆರಡು ಹದಿನೈದು ನಿಮಿಷದಲ್ಲಿ ಸಿಪ್ಪೆಯ ಮೇಲಿದ್ದದ್ದು ಹೋಯಿತು. ಸಿಪ್ಪೆಯೊಳಕ್ಕೆ ಇಳಿದದ್ದು ಹಾಗೇ ಉಳಿಯಿತು. ಮೊಬೈಲಿಗೆ ಬಂದು ತಲುಪಿದ್ದು ಮೊದಲರ್ಧ ಮಾತ್ರ. ಉಳಿದರ್ಧವನ್ನು ದಾರಿಯಲ್ಲಿ ಯಾರೋ ಬಿಟ್ಟುಬಿಟ್ಟರು.

ಹಾವೇರಿಯಲ್ಲಿ ನಡೆದ ಒಂದು ಮಹಿಳಾ ಸಭೆಯಲ್ಲಿ ಭಾಷಣಕ್ಕೆ ಬಂದಿದ್ದ ತಜ್ಞರೊಬ್ಬರು ಇದೇ ತೊಳೆಯುವ ಪಾಠವನ್ನು ಮುಕ್ಕಾಲು ತಾಸು ಹೇಳಿದರು. ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬಳು ಎದ್ದು ನಿಂತು, "ಸರ, ಒಣ ಮೆಣಸಿನಕಾಯಿ ಹೆಂಗ ತೊಳೀಬೇಕ್ರಿ? ತೊಳದ್ರ ಬೂಸ್ಲು ಹಿಡಿತಾವಲ್ರಿ?" ಎಂದು ಕೇಳಿದಳು. ಸಭೆಯೆಲ್ಲ ನಕ್ಕಿತು, ತಜ್ಞರೂ ನಕ್ಕರು. "ಖಾರ ಸ್ವಲ್ಪ ಕಡಿಮೆ ಮಾಡಿರಿ ತಾಯಿ" ಎಂದರು. ಬ್ಯಾಡಗಿ ಮೆಣಸಿನಕಾಯಿಯ ಸೀಮೆಗೆ ಬಂದು ಆಡುವ ಮಾತೇ ಇದು? ಸುಕ್ಕು ಸುಕ್ಕಾದ ಆ ಕೆಂಪು ಕಾಯನ್ನು ನಾವು ಬಿಸಿಲಿಗೆ ಹಾಕುತ್ತೇವೆ, ತೊಟ್ಟು ಬಿಡಿಸುತ್ತೇವೆ, ಹುರಿದು ಕುಟ್ಟುತ್ತೇವೆ. ತೊಳೆಯುವ ಪ್ರಶ್ನೆಯೇ ಇಲ್ಲ. ಆಕೆಯ ಪ್ರಶ್ನೆಗೆ ಇದ್ದ ನಿಜವಾದ ಉತ್ತರ ಒಂದೇ. ಅಡುಗೆಮನೆಗೆ ಬರುವ ಮೊದಲೇ ಆಗಬೇಕಾದ ಕೆಲಸವನ್ನು ಅಡುಗೆಮನೆಯಲ್ಲಿ ಮಾಡಲು ಬರುವುದಿಲ್ಲ. ಅದನ್ನು ಹೇಳುವ ಧೈರ್ಯ ಆ ವೇದಿಕೆಗೆ ಇರಲಿಲ್ಲ.

ಇವತ್ತಿನ ಮೆಣಸಿನಕಾಯಿಯ ಔಷಧಗಳ ಕಥೆ ದೊಡ್ಡದು. ನಾನು ಹೇಳಹೊರಟಿರುವುದು ಒಂದು ಹಳೆಯ ಪುಡಿಯ ಕಥೆ. ತೊಳೆಯುವ ಉಪದೇಶ ಎಷ್ಟು ಟೊಳ್ಳು ಎಂಬುದನ್ನು ಅದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಮತ್ತೊಂದಿಲ್ಲ. ಐವತ್ತು ದಾಟಿದ ನನ್ನಂಥವರಿಗೆ ಆ ಪುಡಿಯ ನೆನಪು ಚೆನ್ನಾಗಿಯೇ ಇದೆ. ಗಮಾಕ್ಸಿನ್ ಪುಡಿ ಎನ್ನುತ್ತಿದ್ದೆವು, ಕೆಲವರು ಬಿಎಚ್‌ಸಿ ಎನ್ನುತ್ತಿದ್ದರು. ಬ್ಯಾಡಗಿ ತಾಲೂಕಿನ ನನ್ನ ತವರಿನಲ್ಲಿ ಅದಕ್ಕೆಂದೇ ಒಂದು ಹಳೆಯ ಅರಿವೆಯ ಗಂಟು ಇತ್ತು. ಗಂಟಿನಲ್ಲಿ ಪುಡಿ ತುಂಬಿ ಕೋಲಿನಿಂದ ತಟ್ಟುತ್ತ ಬೆಳೆಯ ಸಾಲಿನಲ್ಲಿ ಹೋಗುತ್ತಿದ್ದರು. ಹಗೇವಿನ ಸುತ್ತ ಇರುವೆಗೆ, ಹೊರಸಿನ ಸಂದಿಯ ತಗಣಿಗೆ, ದನದ ಮೈಯ ಉಣ್ಣೆಗೆ ಅದೇ ಪುಡಿ. ಹೆಣ್ಣುಮಕ್ಕಳ ತಲೆಯ ಹೇನಿಗೂ ಅದನ್ನೇ ಹಚ್ಚಿ ಅರಿವೆ ಕಟ್ಟಿ ಮಲಗಿಸುತ್ತಿದ್ದರು. ಆ ಮುಗ್ಗಲು ವಾಸನೆಯನ್ನು ಒಮ್ಮೆ ಮೂಸಿದವರು ಮರೆಯಲಾರರು.

ಬಿ.ಎ., ಬಿ.ಎಡ್. ಮಾಡಿ ಕನ್ನಡ ಪಾಠ ಹೇಳುವ ಇವಳಿಗೆ ರಸಾಯನ ಶಾಸ್ತ್ರದ ಗೊಡವೆ ಏಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಉಸಾಬರಿ ಏಕೆಂದರೆ, ಆ ಪುಡಿ ನನ್ನ ತಲೆಯ ಮೇಲೆ ಸುರಿಯುವ ಮುಂಚೆ ನೀನು ಯಾವ ಪದವೀಧರೆ ಎಂದು ಕೇಳಲಿಲ್ಲ. ರಾಣೆಬೆನ್ನೂರಿನಲ್ಲಿರುವ ನನ್ನ ತಂಗಿಯ ಮಗಳು ಬಿ.ಎಸ್ಸಿ. ಓದುತ್ತಾಳೆ. ಆಕೆಯ ಪುಸ್ತಕದಲ್ಲಿ ಎಲಿಮಿನೇಶನ್ ಎಂಬ ಪಾಠವಿದೆ. ಹೆಸರು ಭಯ ಹುಟ್ಟಿಸಿದರೂ ಸಂಗತಿ ಸರಳ. ಒಂದು ಅಣುವಿನಿಂದ ಎರಡು ಚೂರನ್ನು ಕಳೆದು ಹಾಕುವ ಕ್ರಿಯೆ ಅದು. ಮೂರು ಸಂಜೆ ಕೂತು ಆಕೆಯಿಂದ ಕಲಿತೆ. ಕಲಿತದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ, ಕೇಳಿ.

ಅಣುವಿನಲ್ಲಿ ಎರಡು ಇಂಗಾಲಗಳು ಅಕ್ಕಪಕ್ಕ ಕೈಹಿಡಿದು ನಿಂತಿವೆ ಎಂದುಕೊಳ್ಳಿ. ಒಂದರ ಮೇಲೆ ಜಲಜನಕ ಕೂತಿದೆ, ಇನ್ನೊಂದರ ಮೇಲೆ ಕ್ಲೋರಿನ್ ಕೂತಿದೆ. ಅಲ್ಲಿಗೆ ಒಂದು ಪ್ರತ್ಯಾಮ್ಲ ಬರುತ್ತದೆ. ಪ್ರತ್ಯಾಮ್ಲವೆಂದರೆ ಆಮ್ಲಕ್ಕೆ ವಿರುದ್ಧ ಗುಣದ್ದು. ಸುಣ್ಣದ ತಿಳಿ, ಬಟ್ಟೆ ಒಗೆಯುವ ಸೋಡಾ ಈ ಜಾತಿಯವು. ಪ್ರತ್ಯಾಮ್ಲ ಜಲಜನಕವನ್ನು ಜಗ್ಗಿ ಕಿತ್ತುಕೊಳ್ಳುತ್ತದೆ. ಜಲಜನಕ ಹೋಗುವಾಗ ತನ್ನ ಬಂಧದ ಎರಡು ಎಲೆಕ್ಟ್ರಾನ್‌ಗಳನ್ನು ಹಿಂದೆ ಬಿಟ್ಟು ಹೋಗುತ್ತದೆ. ಆ ಎರಡು ಎಲೆಕ್ಟ್ರಾನ್ ಪಕ್ಕದ ಇಂಗಾಲದ ಕಡೆಗೆ ನುಗ್ಗಿ ಇಬ್ಬರ ನಡುವೆ ಇನ್ನೊಂದು ಬಂಧ ಕಟ್ಟುತ್ತವೆ. ಅವು ನುಗ್ಗಿದ ರಭಸಕ್ಕೆ ಕ್ಲೋರಿನ್ ಹೊರಗೆ ಬೀಳುತ್ತದೆ. ಮೊದಲು ಇದು, ಆಮೇಲೆ ಅದು ಎಂದಿಲ್ಲ, ಎಲ್ಲವೂ ಒಂದೇ ಏಟಿಗೆ ನಡೆಯುತ್ತದೆ.

ಇದಕ್ಕೆ ಒಂದು ಕಟ್ಟಳೆಯಿದೆ. ಜಲಜನಕ ಮತ್ತು ಕ್ಲೋರಿನ್ ಒಂದಕ್ಕೊಂದು ವಿರುದ್ಧ ದಿಕ್ಕಿಗೆ, ಒಂದೇ ಸಮತಲದಲ್ಲಿ ಇರಬೇಕು. ಒಬ್ಬನನ್ನು ಬಾಗಿಲಿಂದ ಹೊರಗೆ ಹಾಕಬೇಕಾದರೆ ಬೆನ್ನಿನ ಕಡೆಯಿಂದಲೇ ನೂಕಬೇಕಲ್ಲವೇ? ಹಾಗೆಯೇ ಜಲಜನಕ ಬಿಟ್ಟುಹೋದ ಎಲೆಕ್ಟ್ರಾನ್‌ಗಳು ಕ್ಲೋರಿನ್ನಿನ ಬಂಧಕ್ಕೆ ಬೆನ್ನ ಹಿಂದಿನಿಂದ ಬರಬೇಕು. ಒಗೆದ ಕೌದಿಯನ್ನು ಹಿಂಡುವುದನ್ನು ನೆನಪಿಸಿಕೊಳ್ಳಿ. ಇಬ್ಬರು ಹೆಂಗಸರು ಎದುರುಬದುರಾಗಿ ಒಂದೇ ಗೆರೆಯಲ್ಲಿ ನಿಂತು ಹಿಂಡಿದರೆ ನೀರು ಸುರಿಯುತ್ತದೆ. ಇಬ್ಬರೂ ಒಂದೇ ಮಗ್ಗುಲಿಗೆ ನಿಂತರೆ ಎಷ್ಟು ಶಕ್ತಿವಂತರಾದರೂ ಕೌದಿ ಹಿಂಡಲಾಗದು.

ಈಗ ನಮ್ಮ ಪುಡಿಗೆ ಬರೋಣ. ಬೆಂಜೀನಿಗೆ ಬೆಳಕಿನಲ್ಲಿ ಕ್ಲೋರಿನ್ ಸೇರಿಸಿ ಇದನ್ನು ಮೊದಲು ಮಾಡಿದವನು ಮೈಕೇಲ್ ಫ್ಯಾರಡೆ, 1825ರಲ್ಲಿ. ಆರು ಇಂಗಾಲಗಳ ಒಂದು ಉಂಗುರ. ಪ್ರತಿ ಇಂಗಾಲದ ಮೇಲೂ ಒಂದು ಕ್ಲೋರಿನ್, ಒಂದು ಜಲಜನಕ. ಕ್ಲೋರಿನ್ ಉಂಗುರದ ಮೇಲ್ಮಗ್ಗುಲಿಗೆ ಇದ್ದರೆ ಜಲಜನಕ ಕೆಳಮಗ್ಗುಲಿಗೆ, ಕ್ಲೋರಿನ್ ಕೆಳಗಿದ್ದರೆ ಜಲಜನಕ ಮೇಲೆ. ಆರು ಕ್ಲೋರಿನ್‌ಗಳು ಮೇಲೆ ಕೆಳಗೆ ಕೂರುವ ರೀತಿ ಬೇರೆ ಬೇರೆಯಾದಂತೆ ಅಣುವಿನ ಆಕಾರವೂ ಬೇರೆ ಬೇರೆ. ಸಾಮಾನು ಒಂದೇ, ಜೋಡಣೆ ಬೇರೆ. ಇವುಗಳಿಗೆ ಸಮಾಂಗಿಗಳೆಂದು ಹೆಸರು. ಕಾರ್ಖಾನೆಯಿಂದ ಬರುವ ಪುಡಿಯಲ್ಲಿ ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಮುಂತಾದ ಸಮಾಂಗಿಗಳು ಕಲಬೆರಕೆಯಾಗಿಯೇ ಇರುತ್ತವೆ. ಇವುಗಳಲ್ಲಿ ಹುಳು ಕೊಲ್ಲುವ ಶಕ್ತಿ ಹೆಚ್ಚುಕಡಿಮೆ ಗಾಮಾಕ್ಕೆ ಮಾತ್ರ. 1912ರಲ್ಲಿ ಅದನ್ನು ಬೇರ್ಪಡಿಸಿದ ಹಾಲೆಂಡಿನ ವಾನ್ ಡರ್ ಲಿಂಡೆನ್ ಅವರ ಹೆಸರಿನಿಂದಲೇ ಅದಕ್ಕೆ ಲಿಂಡೇನ್ ಎಂಬ ಹೆಸರು ಬಂತು. ಪುಡಿಯಲ್ಲಿ ಆ ಗಾಮಾ ಇದ್ದದ್ದು ನೂರಕ್ಕೆ ಹತ್ತರಿಂದ ಹದಿನೈದು ಪಾಲು.

ನನ್ನ ತಂಗಿಯ ಮಗಳು ಜೋಳದ ಹಿಟ್ಟಿನ ಆರು ಉಂಡೆ ಮಾಡಿ, ಕಸಬರಿಗೆ ಕಡ್ಡಿಯಿಂದ ಉಂಗುರ ಕಟ್ಟಿದಳು. ಕ್ಲೋರಿನ್ನಿನ ಜಾಗದಲ್ಲಿ ಕೆಂಪು ಮೆಣಸಿನಕಾಯಿಯ ತುಂಡು, ಜಲಜನಕದ ಜಾಗದಲ್ಲಿ ಲವಂಗ ಚುಚ್ಚಿದಳು. ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಬೀಟಾದಲ್ಲಿ ಮೆಣಸಿನಕಾಯಿ ತುಂಡುಗಳು ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಸರದಿಯಾಗಿ ಬರುತ್ತವೆ. ಒಂದು ತುಂಡು ಮೇಲಿದ್ದರೆ ಪಕ್ಕದ ಉಂಡೆಯ ತುಂಡು ಕೆಳಗಿರುತ್ತದೆ, ಅಂದರೆ ಪಕ್ಕದ ಉಂಡೆಯ ಲವಂಗ ಮೇಲಿರುತ್ತದೆ. "ದೊಡ್ಡವ್ವ, ಎಣಿಸಿ ನೋಡು. ಎಲ್ಲಿ ನೋಡಿದರೂ ಬಾಜೂ ಮನಿ ಲವಂಗ ಮೆಣಸಿನಕಾಯಿ ಮಗ್ಗಲಕ್ಕ ಐತಿ. ಎದುರು ದಿಕ್ಕಿಗೆ ಒಂದೂ ಇಲ್ಲ. ಯಾರು ಬಂದು ಜಗ್ಗಿದ್ರೂ ಇದು ಸುಮ್ನ ಬಿಡಂಗಿಲ್ಲ" ಎಂದಳು. ಉಂಗುರ ಆರಾಮ ಕುರ್ಚಿಯಂತೆ ಬಾಗಿರುತ್ತದೆ, ಆ ಕಡೆ ಈ ಕಡೆ ಮಗುಚಿಕೊಳ್ಳಲೂ ಬಲ್ಲದು. ಆದರೆ ಎಷ್ಟು ಸಲ ಮಗುಚಿದರೂ ನೆರೆಹೊರೆಯ ಈ ಸಂಬಂಧ ಬದಲಾಗುವುದಿಲ್ಲ. ಗಾಮಾದಲ್ಲಿ ಹಾಗಿಲ್ಲ. ಅಲ್ಲಿ ಎರಡು ಕ್ಲೋರಿನ್ ಒಂದೇ ಮಗ್ಗುಲಿಗೆ ಜೊತೆಯಾಗಿ ಕೂತ ಕಡೆ ಪಕ್ಕದ ಜಲಜನಕ ವಿರುದ್ಧ ದಿಕ್ಕಿಗೆ ಸಿಗುತ್ತದೆ, ಕ್ರಿಯೆ ಸಲೀಸಾಗಿ ನಡೆಯುತ್ತದೆ.

ಇದು ಕಾಗದದ ಮೇಲಿನ ತರ್ಕವಷ್ಟೇ ಆಗಿ ಉಳಿದಿಲ್ಲ. ಅಮೆರಿಕದ ರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಕ್ರಿಸ್ಟಲ್ ಈ ಸಮಾಂಗಿಗಳಿಗೆ ಪ್ರತ್ಯಾಮ್ಲ ಹಾಕಿ ಪ್ರತಿಯೊಂದೂ ಎಷ್ಟು ವೇಗವಾಗಿ ಕ್ಲೋರಿನ್ ಬಿಡುತ್ತದೆ ಎಂದು ಅಳೆದರು. ಬೀಟಾ ಉಳಿದವುಗಳಿಗಿಂತ ಸಾವಿರಾರು ಪಟ್ಟು ನಿಧಾನ ಎಂದು ಕಂಡಿತು. ಅದು ಪ್ರಕಟವಾದದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಆ ವರ್ಷವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಾಜಿನ ಬುದ್ದಲಿಯಲ್ಲಿ ನಡೆಯುವ ಈ ಕ್ರಿಯೆ ಜೀವಿಗಳ ಮೈಯಲ್ಲಿಯೂ ನಡೆಯುತ್ತದೆ. ಗಾಮಾವನ್ನು ಒಡೆಯಲು ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಬಳಸುವುದು ಇದೇ ಉಪಾಯವನ್ನು. ಅವುಗಳ ಕಿಣ್ವವೂ ವಿರುದ್ಧ ದಿಕ್ಕಿನ ಜಲಜನಕವನ್ನೇ ಹುಡುಕುತ್ತದೆ. ಬೀಟಾದ ಮುಂದೆ ಆ ಕಿಣ್ವವೂ ಕೈಚೆಲ್ಲುತ್ತದೆ. ನಮ್ಮ ಮೈಯಲ್ಲಿ ಗಾಮಾ ಕೆಲವು ದಿನಗಳಲ್ಲಿ ಕರಗಿ ಹೋದರೆ, ಬೀಟಾ ಅರ್ಧಕ್ಕೆ ಇಳಿಯಲು ಸುಮಾರು ಏಳು ವರ್ಷ ಬೇಕು. ಅದು ನೀರಿಗೆ ಒಲಿಯುವ ವಸ್ತುವಲ್ಲ, ಜಿಡ್ಡಿಗೆ ಒಲಿಯುವ ವಸ್ತು. ಹೊಲದಿಂದ ಕಣಿಕೆಗೆ, ಕಣಿಕೆಯಿಂದ ಎಮ್ಮೆಯ ಕೊಬ್ಬಿಗೆ, ಅಲ್ಲಿಂದ ಹಾಲು ಬೆಣ್ಣೆಗೆ, ಬೆಣ್ಣೆಯಿಂದ ನಮ್ಮ ಕೊಬ್ಬಿಗೆ ಬಂದು ಕೂರುತ್ತದೆ. ಬೆಣ್ಣೆಯನ್ನು ಯಾವ ಉಪ್ಪುನೀರಿನಲ್ಲಿ ತೊಳೆಯುತ್ತೀರಿ?

ಅಲ್ಲಿಗೂ ಅದರ ಪಯಣ ಮುಗಿಯುವುದಿಲ್ಲ. ಹೆಣ್ಣಿನ ಮೈಯಿಂದ ಇದು ಹೊರಬೀಳುವ ದೊಡ್ಡ ದಾರಿ ಎದೆಹಾಲು. ಹೆಚ್ಚು ಮಕ್ಕಳಿಗೆ ಹಾಲೂಡಿಸಿದ ತಾಯಿಯಲ್ಲಿ ಇದರ ಪ್ರಮಾಣ ಕಡಿಮೆ, ಚೊಚ್ಚಲ ಬಾಣಂತಿಯ ಹಾಲಿನಲ್ಲಿ ಹೆಚ್ಚು ಎಂಬುದನ್ನು ಹಲವು ದೇಶಗಳಲ್ಲಿ ಅಳೆದು ನೋಡಿದ್ದಾರೆ. ಪ್ರತ್ಯಾಮ್ಲ ಕಳೆಯಲಾರದ್ದನ್ನು, ಬ್ಯಾಕ್ಟೀರಿಯಾ ಕಳೆಯಲಾರದ್ದನ್ನು ತಾಯಿಯ ಎದೆ ಕಳೆಯಿತು, ಅದೂ ಮಗುವಿನ ಬಾಯಿಗೆ. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇದನ್ನು ಓದಿ ಯಾವ ತಾಯಿಯೂ ಮಗುವಿಗೆ ಹಾಲು ಬಿಡಿಸಬಾರದು. ಮೊದಲ ಆರು ತಿಂಗಳು ಎದೆಹಾಲೇ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎದೆಹಾಲಿನ ಗುಣಕ್ಕೆ ಬೇರೆ ಯಾವುದೂ ಸಾಟಿಯಿಲ್ಲ. ಪುಡಿ ನಿಂತ ಮೇಲೆ ಅದರ ಪ್ರಮಾಣವೂ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಡಬ್ಬಿ ಹಾಲು ಕೊಟ್ಟಿದ್ದರೆ ಆಗ ಪಾರಾಗುತ್ತಿದ್ದೆವೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1993ರಲ್ಲಿ ವರದಿ ಮಾಡಿದಂತೆ, ಪರೀಕ್ಷಿಸಿದ 20 ಬ್ರ್ಯಾಂಡುಗಳ 186 ಶಿಶು ಆಹಾರದ ಮಾದರಿಗಳಲ್ಲಿ ಶೇಕಡ 94ರಷ್ಟರಲ್ಲಿ ಈ ಬಿಎಚ್‌ಸಿಯ ಅಂಶವಿತ್ತು, ಶೇಕಡ 70ರಲ್ಲಿ ಡಿಡಿಟಿ ಇತ್ತು. 12 ರಾಜ್ಯಗಳಿಂದ ತಂದ 2205 ಹಾಲಿನ ಮಾದರಿಗಳಲ್ಲಿ ಶೇಕಡ 82ರಲ್ಲಿ ಡಿಡಿಟಿ ಸಿಕ್ಕಿತ್ತು. ಆ 2205 ಮಾದರಿಗಳಲ್ಲಿ ಗೃಹಿಣಿ ಸರಿಯಾಗಿ ತೊಳೆಯದೆ ಹಾಳಾದದ್ದು ಎಷ್ಟು ಎಂದು ಉಪದೇಶಕರು ಹೇಳಲಿ.

ಈಗ ನನ್ನ ಆಪಾದನೆಗೆ ಬರುತ್ತೇನೆ. ನೂರು ತೂಕದ ಪುಡಿಯಲ್ಲಿ ಹುಳು ಕೊಲ್ಲುವುದು ಹದಿನೈದು ತೂಕವೂ ಇಲ್ಲವೆಂಬುದು ಮಾಡುವವರಿಗೆ ಗೊತ್ತಿತ್ತು. ಗಾಮಾವನ್ನು ಬೇರ್ಪಡಿಸಬಹುದಿತ್ತು, ಆದರೆ ಅದಕ್ಕೆ ಖರ್ಚು, ಉಳಿದ ಎಂಬತ್ತೈದನ್ನು ಎಲ್ಲಿ ಹಾಕುವುದೆಂಬ ತಲೆನೋವು. ಅದಕ್ಕೆ ಕಂಡುಕೊಂಡ ಸುಲಭದ ಹಾದಿಯೆಂದರೆ ಎಲ್ಲವನ್ನೂ ಒಟ್ಟಿಗೆ ಚೀಲಕ್ಕೆ ತುಂಬಿ ರೈತನಿಗೆ ಮಾರುವುದು. ಕಾರ್ಖಾನೆಯ ಕಸವನ್ನು ನಾವು ದುಡ್ಡು ಕೊಟ್ಟು ಕೊಂಡು ನಮ್ಮ ಹೊಲಕ್ಕೆ, ಹಗೇವಿಗೆ, ಮಕ್ಕಳ ತಲೆಗೆ ಹಾಕಿದೆವು. ಹೀಗೆ ಈ ದೇಶದಲ್ಲಿ ಬಳಕೆಯಾದ ಪುಡಿ ಹತ್ತು ಲಕ್ಷ ಟನ್ನಿಗೂ ಹೆಚ್ಚೆಂದು ಅಂದಾಜು.

ಗೊತ್ತಾದ ಮೇಲಾದರೂ ನಿಲ್ಲಿಸಿದರೇ? ಜಪಾನಿನಲ್ಲಿ ಬಿಎಚ್‌ಸಿ ಹೊಡೆದ ಗದ್ದೆಯ ಭತ್ತದ ಹುಲ್ಲು ತಿಂದ ಹಸುಗಳ ಹಾಲಿನಲ್ಲಿ ಬೀಟಾ ಸಿಕ್ಕಿದಾಗ ದೊಡ್ಡ ಗದ್ದಲವಾಗಿ, 1971ರಲ್ಲಿ ಅಲ್ಲಿ ಅದನ್ನು ನಿಲ್ಲಿಸಿದರು. ಅವರ ಹುಲ್ಲಿನಲ್ಲಿ ಆದದ್ದು ನಮ್ಮ ಕಣಿಕೆಯಲ್ಲಿ ಆಗದೇ? ನಮ್ಮಲ್ಲಿ ಅದು ನಿಂತದ್ದು 1997ರ ಏಪ್ರಿಲ್ 1ರಂದು, ನಮ್ಮ ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ. ಬೀಟಾ ಸುಲಭಕ್ಕೆ ಬಿಡುವುದಿಲ್ಲವೆಂದು ಅಳೆದು ಬರೆದು ಐವತ್ತು ವರ್ಷ, ಜಪಾನ್ ನಿಲ್ಲಿಸಿ ಇಪ್ಪತ್ತಾರು ವರ್ಷ ಕಳೆದಿತ್ತು. ಆ ಮೇಲೂ ಗಾಮಾವನ್ನಷ್ಟೇ ಬೇರ್ಪಡಿಸಿ ಲಿಂಡೇನ್ ಎಂದು ಮಾರುವುದು ನಡೆಯಿತು. ಒಂದು ಟನ್ ಲಿಂಡೇನ್ ಮಾಡಿದರೆ ಎಂಟರಿಂದ ಹನ್ನೆರಡು ಟನ್ ಉಳಿದ ಸಮಾಂಗಿಗಳ ಕಸ. ಲಖನೌ ಬಳಿ ಅದನ್ನು ಬಯಲಿಗೆ ಸುರಿದರು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಆಲ್ಫಾ, ಬೀಟಾ, ಲಿಂಡೇನ್ ಮೂರೂ ಸೇರಿದವು. ನಮ್ಮಲ್ಲಿ ಲಿಂಡೇನ್ ತಯಾರಿಕೆ 2011ಕ್ಕೆ, ಬಳಕೆ 2013ಕ್ಕೆ ನಿಂತಿತು. ಇಷ್ಟೆಲ್ಲ ಆದ ಮೇಲೆ ನಮಗೆ ಹೇಳುವುದೇನು? ಚೆನ್ನಾಗಿ ತೊಳೆಯಿರಿ ತಾಯಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಆ ಪುಡಿ ಇಲ್ಲದಿದ್ದರೆ ನಿಮ್ಮ ಹಗೇವಿನ ಜೋಳ ಹುಳುವಿನ ಪಾಲಾಗುತ್ತಿತ್ತು, ಮಲೇರಿಯಾದಲ್ಲಿ ಮನೆಗೆ ಒಬ್ಬರು ಸಾಯುತ್ತಿದ್ದರು ಎಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿಲ್ಲವೆನ್ನಲಾರೆ. ಆದರೆ ಹುಳು ಕೊಂದದ್ದು ಗಾಮಾ, ಬೀಟಾ ಅಲ್ಲ. ಗಾಮಾದ ಉಪಕಾರದ ಲೆಕ್ಕದಲ್ಲಿ ಬೀಟಾದ ಅಪಕಾರವನ್ನು ಮುಚ್ಚಿ ಹಾಕುವುದು ಯಾವ ನ್ಯಾಯ? ರೈತನೇ ಅಳತೆ ಮೀರಿ ಹಾಕಿದ ಎಂಬ ವಾದವೂ ಇದೆ. ಅಳತೆ ಹೇಳುವ ಚೀಟಿಯ ಅಕ್ಷರಗಳು ಇರುವೆ ಕಾಲಿನಷ್ಟು ಸಣ್ಣವು. ಅದನ್ನು ಓದಲು ಅಕ್ಷರ ಕಲಿತ ನನಗೇ ಕಷ್ಟ.

ಔಷಧದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರುವುದನ್ನು ನೀವು ನೋಡಿರಬಹುದು. ಕೆಂಪು ಘೋರ ವಿಷ, ಹಸಿರು ಎಲ್ಲಕ್ಕಿಂತ ಕಡಿಮೆ ಎಂದು ಅರ್ಥ. ಒಂದು ಸಲಕ್ಕೆ ಎಷ್ಟು ಹೊಟ್ಟೆಗೆ ಹೋದರೆ ಪ್ರಯೋಗದ ಇಲಿ ಸಾಯುತ್ತದೆ ಎಂಬುದರ ಮೇಲೆ ಈ ಬಣ್ಣ ನಿಶ್ಚಯವಾಗುತ್ತದೆ. ಬೀಟಾವನ್ನು ಮಾತ್ರ ಬೇರ್ಪಡಿಸಿ ಹೀಗೆ ಅಳೆದರೆ ಅದಕ್ಕೆ ಹಸಿರು ತ್ರಿಕೋನವೇ ಸಿಕ್ಕೀತು, ಏಕೆಂದರೆ ಅದು ತಕ್ಷಣ ಕೊಲ್ಲುವುದಿಲ್ಲ. ಈ ತ್ರಿಕೋನ ಎಷ್ಟು ಬೇಗ ಕೊಲ್ಲುತ್ತೀ ಎಂದು ಕೇಳುತ್ತದೆ, ಯಾವಾಗ ಹೋಗುತ್ತೀ ಎಂದು ಕೇಳುವುದೇ ಇಲ್ಲ. ಮನೆಗೆ ಬಂದ ಬೀಗರ ವಿಷಯದಲ್ಲಿಯೂ ನಾವು ಎರಡನೆಯ ಪ್ರಶ್ನೆ ಕೇಳಿಕೊಳ್ಳುತ್ತೇವೆ!

ಇನ್ನು, ಕಳೆಯುವ ಕ್ರಿಯೆ ನಡೆದರೆ ವಿಷ ಕಳೆಯಿತೆಂದು ಹಿಗ್ಗಬೇಕಾಗಿಲ್ಲ. ಡಿಡಿಟಿಯನ್ನೇ ನೋಡಿ. ಅದು ಪ್ರತ್ಯಾಮ್ಲದ ಮುಂದೆ ಸುಲಭವಾಗಿ ಒಂದು ಜಲಜನಕ, ಒಂದು ಕ್ಲೋರಿನ್ ಕಳೆದುಕೊಂಡು ಡಿಡಿಇ ಆಗುತ್ತದೆ. ಡಿಡಿಟಿಗೆ ಜಗ್ಗದ ನೊಣಗಳು ಬದುಕುವುದೂ ಹೀಗೆಯೇ, ಅವುಗಳ ಮೈಯಲ್ಲಿ ಈ ಕೆಲಸ ಮಾಡುವ ಕಿಣ್ವವಿದೆ. ನೊಣ ಉಳಿಯಿತು. ನಮಗೆ ಉಳಿದದ್ದು ಡಿಡಿಇ. ಅದರಲ್ಲಿ ಇನ್ನು ಜಗ್ಗಲು ಅಂಥ ಜಲಜನಕವೇ ಇಲ್ಲ, ಹಾಗಾಗಿ ಅದೂ ಕೊಬ್ಬಿನಲ್ಲಿ ಬಂದು ಕೂತಿತು, ಹದ್ದುಗಳ ತತ್ತಿಯ ಕವಚ ತೆಳ್ಳಗೆ ಮಾಡಿತು. 1962ರಲ್ಲಿ ರಾಚೆಲ್ ಕಾರ್ಸನ್ ಎಂಬ ಹೆಂಗಸು ಡಿಡಿಟಿಯ ಅನಾಹುತವನ್ನು ಜನಕ್ಕೆ ತಿಳಿಯುವಂತೆ ಬರೆದಾಗ ಆಕೆಯನ್ನು ಭಾವುಕಳೆಂದು ಜರೆದರು. ನಮ್ಮ ದೇಶ ಅದನ್ನು ಹೊಲದಿಂದ ಹೊರಗೆ ಹಾಕಿದ್ದು 1989ರಲ್ಲಿ.

ನಮ್ಮ ಶಾಲೆ ಕಾಲೇಜುಗಳೂ ಈ ಪಾಪದಲ್ಲಿ ಪಾಲುದಾರರೇ. ಪಿಯುಸಿ ಪಾಠದಲ್ಲಿ ಬೆಂಜೀನಿಗೆ ಕ್ಲೋರಿನ್ ಸೇರಿಸಿ ಗಮಾಕ್ಸಿನ್ ಮಾಡುವ ಸಮೀಕರಣ ಬರುತ್ತದೆ, ಹುಡುಗಿಯರು ಬಾಯಿಪಾಠ ಮಾಡುತ್ತಾರೆ. ಅದು ಅಜ್ಜಿಯ ಹಗೇವಿನ ಸುತ್ತ ಇದ್ದ ಪುಡಿ ಎಂದು ಯಾರೂ ಹೇಳುವುದಿಲ್ಲ. ಡಿಗ್ರಿಯಲ್ಲಿ ಎಲಿಮಿನೇಶನ್ನಿನ ದಿಕ್ಕು ದೆಸೆಯ ಚಿತ್ರ ಬರೆಸುತ್ತಾರೆ, ಗೈಡು ನೋಡಿ ಬರೆದರೆ ಅಂಕ ಸಿಗುತ್ತದೆ. ಬೀಟಾ ಏಕೆ ನಿಧಾನ ಎಂಬ ಪ್ರಶ್ನೆ ಪರೀಕ್ಷೆಗೆ ಮುಖ್ಯ, ಹಾಗಾದರೆ ಅದು ಎಲ್ಲಿ ಹೋಗಿ ಕೂತಿತು ಎಂಬ ಪ್ರಶ್ನೆ ಯಾರಿಗೂ ಮುಖ್ಯವಲ್ಲ. ಹೆಣ್ಣುಮಕ್ಕಳಿಗೆ ವಿಜ್ಞಾನ ಕಲಿಸುವುದು ಬರೀ ನೌಕರಿಗಲ್ಲ. ವೇದಿಕೆಯ ಮೇಲಿನ ತಜ್ಞರು ನಕ್ಕಾಗ ಎದ್ದು ಎದುರು ಪ್ರಶ್ನೆ ಹಾಕಲಿಕ್ಕೆ ಅದು ಬೇಕು.

ನಾವು ಕೇಳಿದರೆ ಏನಾಗುತ್ತದೆ ಎನ್ನುವ ಸೋದರಿಯರಿಗೆ ಕಾಸರಗೋಡನ್ನು ತೋರಿಸುತ್ತೇನೆ. ಅಲ್ಲಿಯ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದಾಗ, 1998ರಲ್ಲಿ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದವರು ಪೆರಿಯದ ಲೀಲಾಕುಮಾರಿ ಅಮ್ಮ. ಕೃಷಿ ಇಲಾಖೆಯಲ್ಲಿ ನೌಕರಿ ಮಾಡುತ್ತಿದ್ದ ಸಾಧಾರಣ ಹೆಣ್ಣುಮಗಳು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. ಆಕೆ ತೊಳೆಯುತ್ತ ಕೂತಿದ್ದರೆ ಇದಾಗುತ್ತಿರಲಿಲ್ಲ.

ನಾವೂ ಕೇಳಬೇಕಾದದ್ದು ಇದೆ. ಬ್ಯಾಡಗಿಯ ಮೆಣಸಿನಕಾಯಿ ಪರದೇಶಕ್ಕೆ ಹೋಗುವಾಗ ಕೊಳ್ಳುವವರು ಪರೀಕ್ಷೆಯ ಚೀಟಿ ಕೇಳುತ್ತಾರೆ. ನಮ್ಮ ಸಂತೆಗೆ ಬರುವ ಕಾಯಿಗೂ, ನಮ್ಮ ಮನೆಗೆ ಬರುವ ಹಾಲಿಗೂ ಆ ಚೀಟಿ ಬೇಕು. ಅದನ್ನು ಮಾರುಕಟ್ಟೆಯ ಹಲಗೆಯ ಮೇಲೆ, ದರದ ಪಕ್ಕದಲ್ಲಿ, ಕನ್ನಡದಲ್ಲಿ ಬರೆಯಬೇಕು. ಔಷಧದ ಡಬ್ಬಿಯ ಮೇಲೆ ತ್ರಿಕೋನದ ಜೊತೆಗೆ ಅದು ಮಣ್ಣಿನಲ್ಲಿ, ಮೈಯಲ್ಲಿ ಎಷ್ಟು ದಿನ ಇರುತ್ತದೆ ಎಂಬುದನ್ನೂ ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅಚ್ಚು ಹಾಕಬೇಕು. ಬ್ಯಾಡಗಿಯಲ್ಲಿ ಕೂತು ತೊಟ್ಟು ಬಿಡಿಸುವ, ರಾಣೆಬೆನ್ನೂರಿನ ಬೀಜದ ಹೊಲಗಳಲ್ಲಿ ಹೂವು ಹೂವಿಗೆ ಬಾಗಿ ಕ್ರಾಸಿಂಗ್ ಮಾಡುವ ಕೈಗಳು ಹೆಣ್ಣುಮಕ್ಕಳವೇ. ಮೊದಲು ಮುಟ್ಟುವವರಿಗೆ ಮೊದಲು ತಿಳಿಸಬೇಕು.

ಆ ಹಳೆಯ ಪುಡಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಹೊಸ ಹೆಸರಿನ ಹೊಸ ಡಬ್ಬಿಗಳು ಬಂದಿವೆ, ಮುಂದೆಯೂ ಬರುತ್ತವೆ. ಪ್ರತಿಯೊಂದು ಬಂದಾಗಲೂ ಹುಳ ಸಾಯುತ್ತದೆಯೇ ಎಂದು ಗಂಡಸರು ಕೇಳುತ್ತಾರೆ, ಕೇಳಲಿ. ಕೆಲಸ ಮುಗಿದ ಮೇಲೆ ಇದು ಹೇಗೆ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನಾವು ಕೇಳೋಣ. ಉತ್ತರ ಸಿಗುವವರೆಗೆ, ಚೆನ್ನಾಗಿ ತೊಳೆಯಿರಿ ಎಂದು ಹೇಳಲು ಬಂದವರ ಕೈಗೆ ಒಂದು ಸೇರು ಒಣ ಮೆಣಸಿನಕಾಯಿ ಕೊಟ್ಟು, ನೀವೇ ತೊಳೆದು ತೋರಿಸಿ ಎನ್ನೋಣ.